ಒಂದು ದ್ವೀಪದ ವಂತಿಗೆ

1. ಮಾತಿನಿಂದ ಶುರು

ಕೊಡುವುದಕ್ಕೆ ಸಂಬಂಧಪಟ್ಟ ಮಾತುಗಳು ಕನ್ನಡದಲ್ಲಿ ಬೇಕಾದಷ್ಟಿವೆ. ದಾನ, ದೇಣಿಗೆ, ಕಾಣಿಕೆ, ಭಿಕ್ಷೆ, ಮುಯ್ಯಿ, ವಂತಿಗೆ. ನಿಘಂಟು ತೆಗೆದು ನೋಡಿದರೆ ಇವೆಲ್ಲ ಅಕ್ಕಪಕ್ಕದ ಮನೆಯವರ ಹಾಗೆ ಕಾಣುತ್ತವೆ. ಬಳಕೆಯಲ್ಲಿ ಹಾಗಲ್ಲ. ದಾನ ಅಂದಕೂಡಲೇ ಮೇಲೊಂದು ಕೈ, ಕೆಳಗೊಂದು ಕೈ ಕಣ್ಣೆದುರು ಬರುತ್ತದೆ. ಕಾಣಿಕೆ ದೇವರಿಗೋ ಗುರುಗಳಿಗೋ ಸಲ್ಲುವಂಥದ್ದು. ಮುಯ್ಯಿ ಅಂದರೆ ಇವತ್ತು ನಿಮ್ಮ ಮನೆಯ ಮದುವೆಯಲ್ಲಿ ನಾನು ಮಾಡಿದ್ದು, ನಾಳೆ ನಮ್ಮ ಮನೆಯ ಮದುವೆಯಲ್ಲಿ ವಾಪಸು ಬರಬೇಕಾದದ್ದು. ಬರದಿದ್ದರೆ ಮಾತಿಗೆ ಬರುವಂಥದ್ದು. ವಂತಿಗೆಯ ರೀತಿಯೇ ಬೇರೆ. ಊರ ಜಾತ್ರೆಗೆ, ಕೆರೆಯ ಹೂಳೆತ್ತುವುದಕ್ಕೆ, ಮನೆಮನೆಗೆ ಇಷ್ಟು ಅಂತ ಹಾಕಿ ಎತ್ತುವುದು ವಂತಿಗೆ. ಹತ್ತು ರೂಪಾಯಿ ಕೊಟ್ಟವನೂ ಸಾವಿರ ಕೊಟ್ಟವನೂ ಒಂದೇ ತೇರಿನ ಹಗ್ಗ ಹಿಡಿಯುತ್ತಾರೆ. ಕೊಟ್ಟದ್ದು ಬೇರೆ ಯಾರಿಗೋ ಹೋಗುವುದಿಲ್ಲ. ಎಲ್ಲರಿಗೂ ಸೇರಿದ ಒಂದು ಕೆಲಸಕ್ಕೆ ಹೋಗುತ್ತದೆ, ಕೊಟ್ಟವನೂ ಆ ಎಲ್ಲರಲ್ಲಿ ಒಬ್ಬ.

ಈ ವ್ಯತ್ಯಾಸ ಬರೀ ಮಾತಿನದೋ, ಅಥವಾ ನಿಜವಾಗಿ ಕೆಲಸ ನಡೆಯುವಾಗಲೂ ಕಾಣುವಂಥದೋ? ಸಮಾಜಸೇವೆ, ಯುವಜನ ಕಾರ್ಯಕ್ರಮ, ಧನಸಹಾಯ ಎಂಬ ಶಬ್ದಗಳನ್ನು ನಾವು ಕಾಲೇಜಿನಲ್ಲಿ ದಿನಾ ಕೇಳುತ್ತೇವೆ. ಅವುಗಳಲ್ಲಿ ಯಾವುದು ದಾನ, ಯಾವುದು ಮುಯ್ಯಿ, ಯಾವುದು ವಂತಿಗೆ ಅಂತ ಬಿಡಿಸಿ ನೋಡುವುದು ಒಳ್ಳೆಯ ಅಭ್ಯಾಸವಾದೀತು. ಹಾಗೆ ಬಿಡಿಸಿ ನೋಡುವುದಕ್ಕೆ ನಾನು ಆರಿಸಿಕೊಂಡ ಉದಾಹರಣೆ ಜಪಾನಿನ ಒಂದು ಪುಟ್ಟ ದ್ವೀಪದ್ದು. ಊರು ಎಷ್ಟು ಸಣ್ಣದೋ ಲೆಕ್ಕವೂ ಅಷ್ಟು ಸ್ಪಷ್ಟ: ಯಾರು ಕೊಟ್ಟರು, ಏನು ಕೊಟ್ಟರು, ಅದರಿಂದ ಏನಾಯಿತು ಎಂಬುದು ಮರೆಯಾಗುವುದಿಲ್ಲ. ನಾನು ಅಲ್ಲಿಗೆ ಹೋದವನಲ್ಲ. ಓದಿ ತಿಳಿದದ್ದನ್ನು ಜೋಡಿಸಿ ಹೇಳುತ್ತಿದ್ದೇನೆ.

2. ಊರು ಯಾವುದು

ಜಪಾನಿನ ಮುಖ್ಯ ದ್ವೀಪದ ಪಶ್ಚಿಮ ಭಾಗದಲ್ಲಿ ಶಿಮಾನೆ ಎಂಬ ಪ್ರಾಂತವಿದೆ. ಅದರ ಕರಾವಳಿಯಿಂದ ಉತ್ತರಕ್ಕೆ ಸುಮಾರು 60 ಕಿಲೋಮೀಟರ್ ದೂರ, ಜಪಾನ್ ಸಮುದ್ರದಲ್ಲಿ, ಓಕಿ ಎಂಬ ದ್ವೀಪಗಳ ಗುಂಪು. ಜನ ವಾಸ ಮಾಡುವ ದ್ವೀಪಗಳು ನಾಲ್ಕು. ಒಂದು ದೊಡ್ಡದು. ಉಳಿದ ಮೂರು ಚಿಕ್ಕ ದ್ವೀಪಗಳಿಗೆ ಒಟ್ಟಾಗಿ ದೋಝೆನ್ ಎಂದು ಹೆಸರು. ಈ ಮೂರರಲ್ಲಿ ಒಂದು ನಾಕಾನೋಶಿಮಾ, ಅಂದರೆ ನಡುದ್ವೀಪ. ವಿಸ್ತೀರ್ಣ 33 ಚದರ ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು. ಇಡೀ ದ್ವೀಪವೇ ಒಂದು ಪುರಸಭೆ. ಆ ಪುರಸಭೆಯ ಹೆಸರು ಅಮಾ. ಮುಖ್ಯ ನೆಲದಿಂದ ಹಡಗಿನಲ್ಲಿ ಮೂರು ಗಂಟೆಯ ದಾರಿ. ಚಳಿಗಾಲದಲ್ಲಿ ಗಾಳಿ ಎದ್ದರೆ ಹಡಗು ನಿಲ್ಲುತ್ತದೆ, ಅವತ್ತು ಅಂಗಡಿಗೆ ಸಾಮಾನು ಬರುವುದಿಲ್ಲ.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಇನ್ನೊಂದು ಗುರುತು ಹೇಳಬಹುದು. ಕಾಮಾಕುರದ ಯೋಧರ ಸರಕಾರದ ಮೇಲೆ ಎದ್ದು ಸೋತ ನಿವೃತ್ತ ಚಕ್ರವರ್ತಿ ಗೋತೊಬಾನನ್ನು 1221ರಲ್ಲಿ ಗಡೀಪಾರು ಮಾಡಿದ್ದು ಈ ದ್ವೀಪಕ್ಕೇ. ‘ಶಿನ್ ಕೊಕಿನ್‌ಶೂ’ ಎಂಬ ಪ್ರಸಿದ್ಧ ಕವಿತಾಸಂಕಲನ ಇವನ ಅಪ್ಪಣೆಯಿಂದಲೇ ಆದದ್ದು. 1239ರಲ್ಲಿ ತೀರಿಕೊಳ್ಳುವವರೆಗೂ ಅವನು ಇಲ್ಲಿಯೇ ಇದ್ದ. ಇದ್ದಷ್ಟು ಕಾಲ ಆ ಸಂಕಲನವನ್ನು ಮತ್ತೆ ಮತ್ತೆ ತಿದ್ದಿದ. ಅಂದರೆ ಈ ದ್ವೀಪ ಒಂದು ಕಾಲಕ್ಕೆ ಜನರನ್ನು ಶಿಕ್ಷೆಯಾಗಿ ಕಳಿಸುತ್ತಿದ್ದ ಜಾಗ.

ಇಪ್ಪತ್ತನೆಯ ಶತಮಾನದಲ್ಲಿ ಲೆಕ್ಕ ತಿರುಗುಮುರುಗಾಯಿತು. ಯಾರೂ ಕಳಿಸದೆ, ಜನ ತಾವಾಗಿಯೇ ಇಲ್ಲಿಂದ ಹೊರಟರು. 1950ರಲ್ಲಿ ಅಮಾದ ಜನಸಂಖ್ಯೆ ಸುಮಾರು 7,000. 2010ರ ಜನಗಣತಿಯಲ್ಲಿ 2,374. ಇರುವವರಲ್ಲಿ ಹತ್ತರಲ್ಲಿ ನಾಲ್ಕು ಜನ 65 ದಾಟಿದವರು. ಹದಿನೆಂಟು ತುಂಬಿದ ಹುಡುಗ ಹುಡುಗಿಯರು ಹಡಗು ಹತ್ತಿದರೆ ಹಿಂದಿರುಗುವುದು ಅಪರೂಪ.

ಸರಕಾರ ಸುಮ್ಮನೆ ಕೂತಿರಲಿಲ್ಲ. ದೂರದ ದ್ವೀಪಗಳ ಅಭಿವೃದ್ಧಿಗಾಗಿ 1953ರಲ್ಲೇ ಒಂದು ಕಾಯಿದೆ ಮಾಡಿತ್ತು. ಅದರ ಕೆಳಗೆ ಬಂದರು, ರಸ್ತೆ, ಅಲೆತಡೆ ಗೋಡೆ ಎಲ್ಲ ಕಟ್ಟಿದರು. ಕಟ್ಟುವ ಕೆಲಸವೇ ಊರಿನ ಮುಖ್ಯ ಉದ್ಯೋಗವೂ ಆಯಿತು. ಆದರೆ ಪ್ರತಿ ಕಾಮಗಾರಿಯಲ್ಲೂ ಪುರಸಭೆ ತನ್ನ ಪಾಲಿನ ಹಣ ಹಾಕಬೇಕು, ಅದಕ್ಕೆ ಸಾಲ ಮಾಡಬೇಕು. 2000ದ ಹೊತ್ತಿಗೆ ಸಾಲ ಹತ್ತಿರ ಹತ್ತಿರ 1,000 ಕೋಟಿ ಯೆನ್. ಊರಿನ ಜನ ಆಗ 2,600 ಚಿಲ್ಲರೆ. ಹಸುಗೂಸನ್ನೂ ಸೇರಿಸಿ ಹಂಚಿದರೆ ತಲೆಗೆ 40 ಲಕ್ಷ ಯೆನ್ನಿನ ಹತ್ತಿರ ಬರುತ್ತದೆ. ಇದರ ಮೇಲೆ, 2004ರಲ್ಲಿ ಕೇಂದ್ರ ಸರಕಾರ ಸ್ಥಳೀಯ ಸಂಸ್ಥೆಗಳಿಗೆ ಕೊಡುತ್ತಿದ್ದ ಹಣವನ್ನು ಕಡಿತ ಮಾಡಿತು. ಸಣ್ಣ ಪುರಸಭೆಗಳೆಲ್ಲ ಅಕ್ಕಪಕ್ಕದವರ ಜೊತೆ ವಿಲೀನವಾಗಲಿ ಎಂಬ ಒತ್ತಾಯವೂ ಇತ್ತು. ದೋಝೆನ್ನಿನ ಮೂರು ದ್ವೀಪಗಳೂ ಕೂತು ಮಾತಾಡಿದವು. ನಡುವೆ ಸಮುದ್ರ ಇರುವಾಗ ಕಚೇರಿ ಒಂದು ಮಾಡಿ ಏನು ಉಳಿತಾಯ ಅಂತ ಕೊನೆಗೆ 2003ರಲ್ಲಿ ಬೇರೆಯಾಗಿಯೇ ಇರುವುದೆಂದು ಎದ್ದವು. ತೀರ್ಮಾನ ಏನೋ ಸ್ವಾಭಿಮಾನದ್ದು. ಖಜಾನೆ ಮಾತ್ರ ಖಾಲಿ.

3. ಮೊದಲ ವಂತಿಗೆ: ಸಂಬಳ

2002ರಲ್ಲಿ ಅಮಾದ ಮೇಯರ್ ಆಗಿ ಆರಿಸಿ ಬಂದವರು ಯಾಮಾಉಚಿ ಮಿಚಿಯೊ. ಟೆಲಿಫೋನ್ ಕಂಪನಿಯಲ್ಲಿ ಕೆಲಸ ಮಾಡಿದ್ದವರು, ಆಮೇಲೆ ಪುರಸಭೆಯ ಸದಸ್ಯರಾಗಿದ್ದವರು. 2004ರಲ್ಲಿ ಅವರು ಮೊದಲು ತಮ್ಮ ಸಂಬಳದಲ್ಲಿ ನೂರಕ್ಕೆ 30 ಬಿಟ್ಟುಕೊಟ್ಟರು. ನೌಕರರನ್ನು ಕೇಳಲಿಲ್ಲ. ಕೆಲವು ದಿನ ಕಳೆದ ಮೇಲೆ ಕಚೇರಿಯ ಮೇಲಧಿಕಾರಿಗಳು ತಾವೇ ಬಂದು, ನಮ್ಮದನ್ನೂ ಕಡಿಮೆ ಮಾಡಿ ಎಂದರು. ಉಳಿದ ನೌಕರರೂ, ಪುರಸಭೆಯ ಸದಸ್ಯರೂ ಹಿಂದೆಯೇ ಬಂದರು. 2005ರಲ್ಲಿ ಮೇಯರ್ ಬಿಟ್ಟದ್ದು ನೂರಕ್ಕೆ 50. ನೌಕರರು ದರ್ಜೆಗೆ ತಕ್ಕ ಹಾಗೆ ನೂರಕ್ಕೆ 16ರಿಂದ 30. ಆ ವರ್ಷ ಉಳಿದ ಹಣ ಸುಮಾರು 20 ಕೋಟಿ ಯೆನ್. ಜಪಾನಿನಲ್ಲೇ ಅತಿ ಕಡಿಮೆ ಸಂಬಳದ ಪುರಸಭೆ ಎಂಬ ಹೆಸರೂ ಬಂತು.

ಇಲ್ಲಿ ಗಮನಿಸಬೇಕಾದ ಸಂಗತಿ ಎರಡು. ಮೊದಲನೆಯದು, ಆ ಹಣ ಎಲ್ಲಿಗೆ ಹೋಯಿತು ಎಂಬುದು. ಎಲ್ಲವನ್ನೂ ಸಾಲಕ್ಕೆ ಸುರಿದಿದ್ದರೆ ಸಮುದ್ರಕ್ಕೆ ಉಪ್ಪು ಹಾಕಿದಂತಾಗುತ್ತಿತ್ತು. ಒಂದು ಪಾಲನ್ನು ಮಕ್ಕಳಿಗೆ ಅಂತ ಎತ್ತಿಟ್ಟರು. ಮೊದಲ ಮಗು ಹುಟ್ಟಿದ ಮನೆಗೆ 1 ಲಕ್ಷ ಯೆನ್, ಎರಡನೆಯದಕ್ಕೆ 2 ಲಕ್ಷ, ಮೂರನೆಯದಕ್ಕೆ 5 ಲಕ್ಷ, ನಾಲ್ಕನೆಯದರಿಂದ ಮುಂದಕ್ಕೆ 10 ಲಕ್ಷ. ಇನ್ನೊಂದು ಕಡೆ, 2005ರಲ್ಲೇ, ಹಿಡಿದ ಮೀನನ್ನು ರುಚಿ ಕೆಡದಂತೆ ಶೀತಲೀಕರಿಸುವ ಹೊಸ ಯಂತ್ರವನ್ನು ತರಿಸಿದರು. ಅಲ್ಲಿಯವರೆಗೆ ಅಮಾದ ಮೀನು ಮಾರುಕಟ್ಟೆ ಮುಟ್ಟುವ ಹೊತ್ತಿಗೆ ಹಡಗಿನ ಬಾಡಿಗೆಯೂ ತಲೆಯ ಮೇಲೆ, ತಾಜಾತನವೂ ಹೋಗಿ, ಅರ್ಧ ಬೆಲೆ. ಯಂತ್ರ ಬಂದ ಮೇಲೆ ಅಲ್ಲಿಯ ಬಿಳಿ ಸ್ಕ್ವಿಡ್ಡೂ ಬಂಡೆಸಿಂಪಿಯೂ ನೇರ ದೊಡ್ಡ ಪಟ್ಟಣಗಳ ಹೋಟೆಲುಗಳಿಗೆ ಹೋದವು.

ಎರಡನೆಯದು, ಕಚೇರಿಯವರು ಬಿಟ್ಟುಕೊಟ್ಟದ್ದನ್ನು ಊರು ನೋಡಿತು ಎಂಬುದು. ವಯಸ್ಸಾದವರು ಬಂದು, ಬಸ್ಸಿನಲ್ಲಿ ನಮಗೆ ಕೊಡುತ್ತಿರುವ ರಿಯಾಯಿತಿ ಬೇಡ ಎಂದರು. ಪುರಸಭೆಯಿಂದ ಸಹಾಯಧನ ಪಡೆಯುತ್ತಿದ್ದ ಸಂಘಗಳು ಅದನ್ನು ಹಿಂದಕ್ಕೆ ಕೊಟ್ಟವು. ಆಟದ ಸಂಘದ ಸಹಾಯಧನ ಎಷ್ಟು ದೊಡ್ಡದಿದ್ದೀತು? ಸಾಲದ ಮುಂದೆ ಅದು ಲೆಕ್ಕಕ್ಕೇ ಬರುವುದಿಲ್ಲ. ಆದರೆ ವಂತಿಗೆಯ ಪಟ್ಟಿಯಲ್ಲಿ ಮೊತ್ತಕ್ಕಿಂತ ಹೆಸರು ಮುಖ್ಯ. ಪಟ್ಟಿ ಹಿಡಿದು ಬಂದವನು ಮೊದಲು ತನ್ನ ಹೆಸರು ಬರೆದು ಬಂದಿದ್ದಾನೋ ಇಲ್ಲವೋ ಅಂತ ಜನ ನೋಡುತ್ತಾರೆ. ಬರೆದಿದ್ದರೆ ಪೆನ್ನು ಕೈಗೆ ತೆಗೆದುಕೊಳ್ಳುತ್ತಾರೆ. ಇಲ್ಲದಿದ್ದರೆ “ಆಮೇಲೆ ಬನ್ನಿ” ಎನ್ನುತ್ತಾರೆ.

4. ಶಾಲೆ ಮುಚ್ಚುವ ಲೆಕ್ಕ

ಮೂರು ದ್ವೀಪಗಳಿಗೂ ಸೇರಿ ಒಂದೇ ಹೈಸ್ಕೂಲು. ಹೆಸರು ಓಕಿ ದೋಝೆನ್ ಹೈಸ್ಕೂಲು. ಅದು ಇರುವುದು ಅಮಾದಲ್ಲಿ. ಉಳಿದೆರಡು ದ್ವೀಪಗಳ ಹುಡುಗರು ದಿನಾ ಸಣ್ಣ ಹಡಗಿನಲ್ಲಿ ಬಂದು ಹೋಗುತ್ತಾರೆ. 1997ರಲ್ಲಿ ಮೊದಲ ವರ್ಷಕ್ಕೆ ಸೇರಿದವರು 77. 2008ರಲ್ಲಿ 28. ಮೂರು ತರಗತಿಗೂ ಸೇರಿ ಮಕ್ಕಳು 89. ಎರಡು ವರ್ಷ ಸತತವಾಗಿ 21ಕ್ಕಿಂತ ಕಡಿಮೆ ಮಕ್ಕಳು ಸೇರಿದರೆ ಶಾಲೆ ಮುಚ್ಚುವ ವಿಚಾರ ಬರುತ್ತದೆ ಎಂಬುದು ಪ್ರಾಂತ ಸರಕಾರದ ನಿಯಮ.

ಶಾಲೆ ಸಣ್ಣದಾದ ಹಾಗೆ ಇನ್ನೂ ಸಣ್ಣದಾಗುತ್ತದೆ. ಇದು ಹೇಗೆ ಅಂತ ನೋಡಿ. ಶಿಕ್ಷಕರ ಸಂಖ್ಯೆ ತರಗತಿಗಳ ಲೆಕ್ಕದ ಮೇಲೆ ನಿಗದಿ. ವರ್ಷಕ್ಕೆ ಒಂದೇ ತರಗತಿ ಆದಾಗ ಶಿಕ್ಷಕರು ಕಡಿಮೆ. ಕೆಲವು ವಿಷಯಗಳಿಗೆ ಆ ವಿಷಯ ಓದಿದ ಶಿಕ್ಷಕರೇ ಇರುವುದಿಲ್ಲ. ಹಾಗಾದಾಗ, ಕಾಲೇಜಿಗೆ ಹೋಗಬೇಕೆನ್ನುವ ಮನೆಯವರು ಮಗನನ್ನು ಹದಿನೈದಕ್ಕೇ ಹಡಗು ಹತ್ತಿಸಿ ಆಚೆ ದಡದ ಶಾಲೆಗೆ ಕಳಿಸುತ್ತಾರೆ. ಸೇರುವವರು ಮತ್ತೆ ಕಡಿಮೆ. ಇನ್ನು ಶಾಲೆಯೇ ಮುಚ್ಚಿದರೆ? ಊರಿನ ಪ್ರತಿ ಮಗುವೂ ಹದಿನೈದಕ್ಕೆ ಹೊರಡಬೇಕು. ಹಾಸ್ಟೆಲಿನ ಖರ್ಚು ತಾಳಲಾರದ ಮನೆಗಳು ಮಗುವಿನ ಜೊತೆ ತಾವೂ ಹೊರಡುತ್ತವೆ. ಸಣ್ಣ ಮಕ್ಕಳಿರುವವರು ಇಲ್ಲಿಗೆ ಬಂದು ನೆಲೆಸುವುದಂತೂ ದೂರದ ಮಾತು. ಹುಟ್ಟಿದ ಮಗುವಿಗೆ ಅಂತ ಸಂಬಳ ಬಿಟ್ಟು ಕೊಟ್ಟ ಲಕ್ಷ ಯೆನ್ ಆಗ ಹಡಗಿನ ಟಿಕೀಟಿಗೆ ಕೊಟ್ಟಂತೆ. ಈ ಲೆಕ್ಕ ಊರಿನವರಿಗೆ ಅರ್ಥವಾಗಿತ್ತು. ಅವರಿಗೆ ಹೈಸ್ಕೂಲು ಉಳಿಸುವುದೂ ದ್ವೀಪ ಉಳಿಸುವುದೂ ಒಂದೇ ಕೆಲಸವಾಗಿತ್ತು.

ಶಾಲೆ ಪ್ರಾಂತ ಸರಕಾರದ್ದು. ಪುರಸಭೆಗೆ ಅದರ ಮೇಲೆ ಅಧಿಕಾರವಿಲ್ಲ. ನಮ್ಮದಲ್ಲದ ಶಾಲೆಗೆ ನಾವೇಕೆ ಖರ್ಚು ಮಾಡಬೇಕು ಅಂತ ಕೈತೊಳೆದುಕೊಳ್ಳುವುದಕ್ಕೆ ದಾರಿ ಇತ್ತು. ಹಾಗೆ ಮಾಡಲಿಲ್ಲ. ಮೂರು ದ್ವೀಪಗಳ ಸ್ಥಳೀಯ ಸಂಸ್ಥೆಗಳೂ ಶಾಲೆಯವರೂ ಪಾಲಕರೂ ಸೇರಿ 2007-08ರ ಸುಮಾರಿಗೆ ಒಂದು ಯೋಜನೆ ಹೂಡಿದರು. ಶಾಲೆಯನ್ನು ಉಳಿಸುವುದು ಅಂತ ಹೆಸರಿಡದೆ, ಶಾಲೆಯನ್ನು ಆಕರ್ಷಕ ಮಾಡುವುದು ಅಂತ ಹೆಸರಿಟ್ಟರು. ಇವಾಮೊಟೊ ಯೂ ಎಂಬ ತರುಣ, ಸೋನಿ ಕಂಪನಿಯಲ್ಲಿ ಕೆಲಸದಲ್ಲಿದ್ದವರು, 2006ರಲ್ಲಿ ಇಲ್ಲಿಯ ಮಕ್ಕಳಿಗೆ ಪಾಠ ಹೇಳುವುದಕ್ಕೆಂದು ಬಂದಿದ್ದರು. ಊರಿನವರು ನಮ್ಮ ಶಾಲೆಯ ಕೆಲಸಕ್ಕೆ ಬನ್ನಿ ಅಂತ ಹಿಡಿದುಕೊಂಡರು. ಅದೇ ವರ್ಷದ ಕೊನೆಗೆ ಅವರು ಕೆಲಸ ಬಿಟ್ಟು ದ್ವೀಪಕ್ಕೆ ಬಂದು ನೆಲೆಸಿದರು. ಯೋಜನೆಯಲ್ಲಿ ಅವರ ಪಾತ್ರ ದೊಡ್ಡದು.

5. ಎರಡನೆಯ ವಂತಿಗೆ: ಮನೆ ಮತ್ತು ಹೊತ್ತು

2010ರಲ್ಲಿ ಎರಡು ಕೆಲಸ ಶುರುವಾದವು. ಒಂದು, ಊರಿನ ಸಂಸ್ಥೆಗಳೇ ನಡೆಸುವ ಓದಿನ ಕೇಂದ್ರ. ಜಪಾನಿನ ಪಟ್ಟಣಗಳಲ್ಲಿ ಶಾಲೆ ಮುಗಿಸಿ ಟ್ಯೂಷನ್ ಕ್ಲಾಸಿಗೆ ಹೋಗುವುದು ಮಾಮೂಲು, ದ್ವೀಪದಲ್ಲಿ ಅದೆಲ್ಲಿ? ಆ ಕೊರತೆಯನ್ನು ಈ ಕೇಂದ್ರ ತುಂಬಿತು. ಪರೀಕ್ಷೆಯ ಪಾಠದ ಜೊತೆಗೆ ಅಲ್ಲಿ ‘ಕನಸಿನ ಗೋಷ್ಠಿ’ ಎಂಬ ತರಗತಿಯೂ ಉಂಟು. ನೀನು ಏನಾಗಬೇಕು, ಅದಕ್ಕೂ ನಿನ್ನ ಊರಿಗೂ ಏನು ಸಂಬಂಧ ಎಂಬುದನ್ನು ಹುಡುಗರು ಅಲ್ಲಿ ಕೂತು ಚರ್ಚಿಸುತ್ತಾರೆ.

ಎರಡು, ‘ದ್ವೀಪ ವ್ಯಾಸಂಗ’. ಪರದೇಶಕ್ಕೆ ಓದಲು ಹೋಗುವುದಕ್ಕೆ ಜಪಾನಿ ಭಾಷೆಯಲ್ಲಿ ಯಾವ ಮಾತಿದೆಯೋ ಅದಕ್ಕೇ ದ್ವೀಪ ಎಂಬ ಮಾತು ಸೇರಿಸಿ ಈ ಹೆಸರು ಮಾಡಿದರು. ಟೋಕಿಯೊ, ಒಸಾಕಾ ಮುಂತಾದ ಕಡೆಯ ಹುಡುಗರು ಹೈಸ್ಕೂಲಿನ ಮೂರು ವರ್ಷ ಇಲ್ಲಿ ಬಂದು ಓದಲಿ ಎಂಬುದು ಯೋಜನೆ. ಗಡೀಪಾರಿನ ದ್ವೀಪಕ್ಕೆ ಹದಿನೈದರ ಮಕ್ಕಳು ಅರ್ಜಿ ಹಾಕಿ ಬರುವ ಹಾಗಾಯಿತು.

ಬಂದವರು ಇರುವುದು ಶಾಲೆಯ ವಸತಿಗೃಹದಲ್ಲಿ. ಆದರೆ ಪ್ರತಿ ಹುಡುಗನಿಗೂ ಊರಿನಲ್ಲಿ ಒಂದು ಮನೆ ಗೊತ್ತುಮಾಡುತ್ತಾರೆ. ಆ ಮನೆಯವರಿಗೆ ‘ಶಿಮಾ-ಓಯಾ’, ಅಂದರೆ ದ್ವೀಪದ ತಾಯ್ತಂದೆ ಎಂದು ಹೆಸರು. ರಜೆಯ ದಿನ ಊಟಕ್ಕೆ ಕರೆಯುವುದು, ಗದ್ದೆ ನಾಟಿಗೆ ಜೊತೆಯಲ್ಲಿ ಇಳಿಸಿಕೊಳ್ಳುವುದು, ದೋಣಿಯಲ್ಲಿ ಮೀನಿಗೆ ಕರೆದುಕೊಂಡು ಹೋಗುವುದು, ಹಬ್ಬದಲ್ಲಿ ಕುಣಿತಕ್ಕೆ ನಿಲ್ಲಿಸುವುದು. ಅಲ್ಲಿಯ ಕಿನ್ಯಾಮೊನ್ಯಾ ಎಂಬ ಕುಣಿತ ಎರಡು ಕೈಯಲ್ಲೂ ಅನ್ನ ಬಡಿಸುವ ಮರದ ಸೌಟು ಹಿಡಿದು ಕುಣಿಯುವಂಥದ್ದು. ಆಗಸ್ಟಿನ ಹಬ್ಬದಲ್ಲಿ ಊರಿಗೆ ಊರೇ ಬೀದಿಗೆ ಬರುತ್ತದೆ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಅಂತ ನಮ್ಮಲ್ಲಿ ಗಾದೆ. ಆದರೆ ನೀರಿನ ದಾರಿ ಯಾರಾದರೂ ತೋರಿಸಬೇಕಲ್ಲ? ತೋರಿಸುವ ಕೆಲಸ ಈ ಮನೆಗಳದ್ದು.

ಶಿಮಾ-ಓಯಾ ಕೊಡುವುದನ್ನು ಯೆನ್ನಿನಲ್ಲಿ ಅಳೆಯಲಾಗುವುದಿಲ್ಲ. ಸಂಬಳದಲ್ಲಿ ನೂರಕ್ಕೆ ಇಷ್ಟು ಅಂತ ಬಿಡುವುದಕ್ಕಿಂತ ಇದು ಕಷ್ಟದ್ದು ಅಂತಲೂ ನನಗೆ ಅನ್ನಿಸುತ್ತದೆ. ಬೇರೆಯವರ ಹದಿನೈದರ ಹುಡುಗ, ಅದೂ ಮನೆ ನೆನಪಾಗಿ ಮುಖ ಸಪ್ಪೆ ಮಾಡಿಕೊಂಡವನು, ಭಾನುವಾರ ಬಾಗಿಲಿಗೆ ಬಂದಾಗ ಬಾ ಅನ್ನಬೇಕು. ಒಂದು ಭಾನುವಾರವಲ್ಲ, ಮೂರು ವರ್ಷದ ಭಾನುವಾರಗಳು.

6. ಹುಡುಗರ ಪಾಲು

ಇಲ್ಲಿಯವರೆಗೆ ಹೇಳಿದ್ದು ದೊಡ್ಡವರು ಕೊಟ್ಟದ್ದು. ಇಷ್ಟಕ್ಕೇ ನಿಂತಿದ್ದರೆ ಇದನ್ನು ಒಳ್ಳೆಯ ದಾನ ಎನ್ನಬಹುದಿತ್ತು. ವಂತಿಗೆ ಅನ್ನುವ ಹಾಗಿರಲಿಲ್ಲ. ಇದನ್ನು ವಂತಿಗೆ ಮಾಡಿದ್ದು ಹುಡುಗರ ಹೆಸರೂ ಪಟ್ಟಿಯಲ್ಲಿ ಸೇರಿದ್ದು.

2009ರಲ್ಲಿ, ಅಂದರೆ ಹೊರಗಿನ ಮಕ್ಕಳು ಬರುವುದಕ್ಕೂ ಮೊದಲೇ, ಇದೇ ಶಾಲೆಯ ವಿದ್ಯಾರ್ಥಿಗಳು ಹೈಸ್ಕೂಲುಗಳ ಪ್ರವಾಸ ಯೋಜನಾ ಸ್ಪರ್ಧೆಗೆ ಒಂದು ಯೋಜನೆ ಬರೆದು ಕಳಿಸಿದರು. ಅದು ಆ ಸ್ಪರ್ಧೆಯ ಮೊದಲ ವರ್ಷ. ಸಾಮಾನ್ಯವಾಗಿ ಪ್ರವಾಸ ಎಂದರೆ ಬಂಡೆ, ದೇವಸ್ಥಾನ, ಸೂರ್ಯಾಸ್ತ. ಇವರು ಬರೆದದ್ದು ಮನುಷ್ಯರನ್ನು ನೋಡುವ ಪ್ರವಾಸ. ನಮ್ಮ ದ್ವೀಪಕ್ಕೆ ಬನ್ನಿ, ಇಲ್ಲಿಯ ಮೀನುಗಾರರನ್ನು, ರೈತರನ್ನು, ಅಜ್ಜಿಯರನ್ನು ಭೇಟಿ ಮಾಡಿ, ಅವರ ಜೊತೆ ಕೆಲಸ ಮಾಡಿ ಹೋಗಿ ಅಂತ. ಹೆಸರು ‘ಹಿತೊತ್ಸುನಾಗಿ’. ಮನುಷ್ಯರನ್ನು ಪೋಣಿಸುವುದು ಎಂಬ ಅರ್ಥವೂ ಅದರಲ್ಲಿದೆ, ಒಂದು ಎಂಬ ಮಾತೂ ಅಡಗಿದೆ. ಮೊದಲ ಬಹುಮಾನ ಬಂತು. ಬಹುಮಾನ ಬಂದರೆ ಫೋಟೋ ತೆಗೆಸಿ ಗೋಡೆಗೆ ಹಾಕುವುದು ವಾಡಿಕೆ. ಇವರು ಅಲ್ಲಿಗೆ ಬಿಡದೆ ಆ ಪ್ರವಾಸವನ್ನು ನಿಜವಾಗಿ ನಡೆಸಿದರು; ಆಮೇಲೆ ಅದು ಶಾಲೆಯ ಒಂದು ಸಂಘವೇ ಆಯಿತು.

ಇದರ ಫಲ ಎರಡು ಕಡೆಗೆ. ಹೊರಗಿನ ಹುಡುಗರಿಗೆ ದ್ವೀಪ ಗೊತ್ತಾಯಿತು. ಅದಕ್ಕಿಂತ ಮುಖ್ಯವಾಗಿ, ಒಳಗಿನ ಹುಡುಗರಿಗೆ ತಮ್ಮ ಊರು ಗೊತ್ತಾಯಿತು. ಬೇರೆಯವರಿಗೆ ತೋರಿಸಬೇಕಾದರೆ ಮೊದಲು ತಾನು ನೋಡಬೇಕಲ್ಲ.

ಯೋಜನೆಯವರು ಒಂದು ಮಾತನ್ನು ಒತ್ತಿ ಹೇಳುತ್ತಾ ಬಂದಿದ್ದಾರೆ. ಕೆಲಸವಿಲ್ಲ, ಹಾಗಾಗಿ ಊರಿಗೆ ಬರಲಾರೆ ಎನ್ನುವ ತರುಣ ಬೇಡ. ಕೆಲಸ ಮಾಡಿಕೊಳ್ಳುವುದಕ್ಕೆ ಊರಿಗೆ ಬರುತ್ತೇನೆ ಎನ್ನುವ ತರುಣ ಬೇಕು. ಹೇಳುವುದಕ್ಕೆ ಸುಲಭ. ಆದರೆ ಇದನ್ನು ಹದಿನೇಳರ ಹುಡುಗ ನಂಬಬೇಕಾದರೆ, ಶಾಲೆಯಲ್ಲಿರುವಾಗಲೇ ಅವನ ಕೈಗೆ ಒಂದು ನಿಜವಾದ ಕೆಲಸ ಬಂದಿರಬೇಕು. ಕೆಟ್ಟರೆ ನಷ್ಟ, ಗೆದ್ದರೆ ಊರಿಗೆ ಲಾಭ ಎನ್ನುವಂಥ ಕೆಲಸ. ಯುವಜನ ಕಾರ್ಯಕ್ರಮ ಅಂತ ಹೆಸರಿಟ್ಟು, ಪೆಂಡಾಲು ಹಾಕಿ, ಹುಡುಗರನ್ನು ಕುರ್ಚಿಯಲ್ಲಿ ಕೂರಿಸಿ ಭಾಷಣ ಮಾಡುವುದಕ್ಕೂ ಇದಕ್ಕೂ ಎಷ್ಟು ಅಂತರವಿದೆ ಎಂಬುದನ್ನು ನಾನು ಬೇರೆ ಹೇಳಬೇಕಾಗಿಲ್ಲ. ಪೆಂಡಾಲಿನಲ್ಲಿ ಹುಡುಗ ಅತಿಥಿ. ಇಲ್ಲಿ ಅವನೂ ಪಾಲುದಾರ.

2012ರಲ್ಲಿ ಮೊದಲ ವರ್ಷಕ್ಕೆ ಸೇರಿದವರು 59. ಒಂದೇ ಇದ್ದ ತರಗತಿ ಎರಡಾಯಿತು. ಮುಚ್ಚುವ ಪಟ್ಟಿಯ ಹತ್ತಿರ ಇದ್ದ ಶಾಲೆಗೆ ತರಗತಿ ಹೆಚ್ಚಿಸಿದ್ದು ಆ ದೇಶದಲ್ಲಿ ಅಪರೂಪದ ಸುದ್ದಿ. ಮುಂದೆ ಕೆಲವೇ ವರ್ಷಗಳಲ್ಲಿ ಒಟ್ಟು ಮಕ್ಕಳ ಸಂಖ್ಯೆ 89ರಿಂದ 180ರ ಆಸುಪಾಸಿಗೆ ಏರಿತು. ಶಿಮಾನೆ ಪ್ರಾಂತದ ಬೇರೆ ಹಳ್ಳಿಗಾಡಿನ ಶಾಲೆಗಳೂ ಇದೇ ದಾರಿ ಹಿಡಿದವು. ಆಮೇಲೆ ದೇಶದ ಬೇರೆ ಪ್ರಾಂತಗಳಿಗೂ ಇದು ಹಬ್ಬಿತು.

7. ಮುಯ್ಯಿಯ ಪಾಠ

ಜಪಾನಿನಲ್ಲಿ 2008ರಿಂದ ಇನ್ನೊಂದು ಪದ್ಧತಿ ಇದೆ. ಅದನ್ನು ‘ತವರೂರ ತೆರಿಗೆ’ ಅನ್ನಬಹುದು. ಪಟ್ಟಣದಲ್ಲಿರುವವನು ತನಗೆ ಬೇಕಾದ ಊರಿಗೆ ದೇಣಿಗೆ ಕಳಿಸಿದರೆ, ಒಂದು ಮಿತಿಯವರೆಗೆ, 2,000 ಯೆನ್ ಬಿಟ್ಟು ಉಳಿದದ್ದು ಅವನ ತೆರಿಗೆಯಲ್ಲಿ ಕಳೆಯುತ್ತದೆ. ಹುಟ್ಟಿ ಬೆಳೆದ ಊರಿನ ಋಣ ತೀರಿಸಲಿ ಎಂಬುದು ಉದ್ದೇಶ. ಆದರೆ ದೇಣಿಗೆ ಕಳಿಸಿದವರಿಗೆ ಊರುಗಳು ಅಕ್ಕಿ, ಮಾಂಸ, ಮೀನು, ಹಣ್ಣು ಉಡುಗೊರೆಯಾಗಿ ಕಳಿಸತೊಡಗಿದವು. ಯಾರು ಒಳ್ಳೆಯ ಉಡುಗೊರೆ ಕೊಡುತ್ತಾರೋ ಅವರಿಗೆ ಹೆಚ್ಚು ದೇಣಿಗೆ. ಪೈಪೋಟಿ ಎಷ್ಟಾಯಿತೆಂದರೆ, ಉಡುಗೊರೆಯ ಬೆಲೆ ದೇಣಿಗೆಯ ನೂರಕ್ಕೆ 30 ದಾಟಕೂಡದು ಅಂತ 2019ರಲ್ಲಿ ಸರಕಾರ ಕಾನೂನು ಮಾಡಬೇಕಾಯಿತು. ದೇಣಿಗೆ ಹೋಗಿ ಮುಯ್ಯಿಯಾದದ್ದು ಹೀಗೆ. ಮುಯ್ಯಿ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಅದರಿಂದ ಎಷ್ಟೋ ಸಣ್ಣ ಊರುಗಳ ಕೈಯಲ್ಲಿ ಹಣ ಓಡಾಡಿದೆ. ಆದರೆ ಸಂಬಳ ಬಿಟ್ಟವನಿಗೂ ಅಕ್ಕಿಮೂಟೆಗೆ ದೇಣಿಗೆ ಕೊಟ್ಟವನಿಗೂ ನಮ್ಮ ಭಾಷೆ ಬೇರೆ ಬೇರೆ ಮಾತು ಇಟ್ಟಿರುವುದು ಸುಮ್ಮನೆ ಅಲ್ಲ.

8. ಎರಡು ಆಕ್ಷೇಪ

ಓದುತ್ತಿರುವ ಗೆಳೆಯರು ಎರಡು ಆಕ್ಷೇಪ ಎತ್ತಬಹುದು. ಎರಡೂ ನ್ಯಾಯವಾದವೇ.

ಒಂದು: ಸಣ್ಣ ಊರಿನಲ್ಲಿ ಸ್ವಂತ ಇಚ್ಛೆ ಎಂಬುದು ಎಷ್ಟರ ಮಟ್ಟಿಗೆ ನಿಜ? ಮೇಯರೇ ಅರ್ಧ ಬಿಟ್ಟಾಗ ಗುಮಾಸ್ತ ನಾನು ಕೊಡೆನು ಅನ್ನುವುದಕ್ಕಾಗುತ್ತದೆಯೇ? ಅವನ ಮನೆಯಲ್ಲೂ ಓದುವ ಮಕ್ಕಳಿರುತ್ತಾರೆ. ವಂತಿಗೆಗೆ ಈ ಮುಳ್ಳು ಯಾವಾಗಲೂ ಇದ್ದದ್ದೇ. ಕೊಡದಿದ್ದರೆ ಜನ ಏನಂದುಕೊಂಡಾರು ಎಂಬ ಅಂಜಿಕೆ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂಬ ದಾನದ ನೀತಿ ಈ ಅಂಜಿಕೆಗೆ ಮದ್ದು. ಅಮಾದಲ್ಲಿ ಈ ಮುಳ್ಳು ಇರಲಿಲ್ಲ ಅಂತ ನಾನು ವಾದಿಸುವುದಿಲ್ಲ. ಇಷ್ಟು ಮಾತ್ರ ಹೇಳಬಹುದು: ಅಲ್ಲಿ ಕಡಿತ ಮೇಲಿಂದ ಕೆಳಕ್ಕೆ ಬಂತು, ಮೇಲಿನವರದು ಹೆಚ್ಚು, ಕೆಳಗಿನವರದು ಕಡಿಮೆ, ಹಣ ಎಲ್ಲಿಗೆ ಹೋಯಿತು ಎಂಬುದು ಎಲ್ಲರ ಕಣ್ಣೆದುರು ಇತ್ತು. ಈ ಎರಡೂ ಇಲ್ಲದ ಕಡೆ ವಂತಿಗೆ ಎಂಬುದು ಜುಲ್ಮಾನೆ ಆಗುವುದಕ್ಕೆ ಹೊತ್ತು ಬೇಡ.

ಎರಡು: ಇಷ್ಟೆಲ್ಲ ಮಾಡಿ ಜನಸಂಖ್ಯೆ ಏರಿತೇ? ಇಲ್ಲ. 2010ರಲ್ಲಿ 2,374 ಇದ್ದದ್ದು 2015ರಲ್ಲಿ 2,353, 2020ರಲ್ಲಿ 2,267. ಹೊರಗಿನಿಂದ ನೂರಾರು ಜನ ಬಂದು ನೆಲೆಸಿದ್ದು ನಿಜ. ಬಂದವರೆಲ್ಲ ನಿಂತಿಲ್ಲ ಎಂಬುದೂ ನಿಜ. ಓದಲು ಬಂದ ಹುಡುಗರಲ್ಲಿ ಹೆಚ್ಚಿನವರು ಮೂರು ವರ್ಷ ಮುಗಿದ ಮೇಲೆ ಹಡಗು ಹತ್ತುತ್ತಾರೆ. ಮುದುಕರು ಸಾಯುವುದನ್ನು ಯಾವ ವಂತಿಗೆಯೂ ನಿಲ್ಲಿಸುವುದಿಲ್ಲ. ಆದರೆ ಮೊದಲು ಐದು ವರ್ಷಕ್ಕೆ ನೂರು ಇನ್ನೂರರಂತೆ ಉದುರುತ್ತಿದ್ದ ಊರು 2010ರಿಂದ 2015ರವರೆಗೆ ಕಳೆದುಕೊಂಡದ್ದು 21 ಜನರನ್ನು. ಶಾಲೆಯ ಬಾಗಿಲು ತೆರೆದಿದೆ. ಹದಿನೈದಕ್ಕೆ ಹೊರಡಲೇಬೇಕು ಎಂಬ ಸ್ಥಿತಿ ಬರಲಿಲ್ಲ. ಹೋಗುವವನು ಹೋಗಲಿ, ಇರಬೇಕೆನ್ನುವವನಿಗೆ ಇರುವುದಕ್ಕೆ ದಾರಿ ಇದೆ. ಯುವಜನರಿಗಾಗಿ ಊರು ಮಾಡಬಹುದಾದ್ದು ಬಹುಶಃ ಇಷ್ಟೇ, ಮತ್ತು ಇದು ಸಣ್ಣದಲ್ಲ.

9. ಚರ್ಚೆಗೆ

2011ರಲ್ಲಿ ಅಮಾ ತನಗೊಂದು ಘೋಷವಾಕ್ಯ ಇಟ್ಟುಕೊಂಡಿತು: ‘ನಾಯ್ ಮೊನೊ ವಾ ನಾಯ್’. ಇದನ್ನು ಬೇರೆ ಭಾಷೆಗೆ ತರುವುದು ಕಷ್ಟ ಅಂತ ಬರೆಯುತ್ತಾರೆ, ಯಾಕೆಂದರೆ ಅದಕ್ಕೆ ಎರಡು ಅರ್ಥ. ಕನ್ನಡಕ್ಕೆ ಮಾತ್ರ ಅದು ಒಂದು ಅಕ್ಷರವೂ ಉದುರದೆ ಬರುತ್ತದೆ: ‘ಇಲ್ಲದ್ದು ಇಲ್ಲ’. ಇಲ್ಲದ್ದು ಇಲ್ಲ, ಸಿನೆಮಾ ಥಿಯೇಟರಿಲ್ಲ, ದೊಡ್ಡ ಅಂಗಡಿಸಾಲಿಲ್ಲ, ಅದಕ್ಕೆ ಏನು ಮಾಡಲಿಕ್ಕಾಗುತ್ತದೆ ಎಂಬುದು ಒಂದು. ಇಲ್ಲದ್ದು ಯಾವುದೂ ಇಲ್ಲ, ಬದುಕಿಗೆ ಬೇಕಾದದ್ದೆಲ್ಲ ಇಲ್ಲಿ ಉಂಟು ಎಂಬುದು ಇನ್ನೊಂದು. ಭಾಷಾಶಾಸ್ತ್ರ ಓದುವ ಗೆಳೆಯರು ಇದನ್ನು ಗುರುತು ಹಾಕಿಕೊಳ್ಳಬಹುದು.

ಸಂಘದ ಮುಂದಿನ ಬೈಠಕ್ಕಿಗೆ ಮೂರು ಪ್ರಶ್ನೆಗಳನ್ನು ಇಡುತ್ತೇನೆ. ನಮ್ಮಲ್ಲಿ ಹೆಚ್ಚಿನವರ ಮನೆಗೆ ಕನ್ನಡ ಸಂಘದ ವಂತಿಗೆ ಪಟ್ಟಿ ವರ್ಷಕ್ಕೊಮ್ಮೆ ಬರುತ್ತದೆ; ಅದನ್ನು ಮನಸ್ಸಿನಲ್ಲಿಟ್ಟುಕೊಂಡೇ ಉತ್ತರ ಹೇಳಬೇಕು.

ಮೊದಲನೆಯದು: ಪಟ್ಟಿ ಹಿಡಿದು ಬರುವವರು ತಮ್ಮ ಹೆಸರನ್ನು ಎಷ್ಟನೆಯ ಸಾಲಿನಲ್ಲಿ ಬರೆದಿದ್ದಾರೆ? ಎರಡನೆಯದು: ಯುವಕರಿಗಾಗಿ ಎಂದು ಎತ್ತಿದ ಹಣದಲ್ಲಿ ಯುವಕರ ಕೈಗೆ ಬಂದ ಕೆಲಸ ಯಾವುದು, ಕುರ್ಚಿಯಲ್ಲಿ ಕೂರುವುದನ್ನು ಬಿಟ್ಟು? ಮೂರನೆಯದು ನಮಗೇ ಸೇರಿದ್ದು: ಕೈಯಲ್ಲಿ ಹಣವಿಲ್ಲದ ವಿದ್ಯಾರ್ಥಿ ಆ ಪಟ್ಟಿಯಲ್ಲಿ ಏನು ಬರೆಯಬಹುದು? ಅಮಾದ ಮಕ್ಕಳು ಒಂದು ಪ್ರವಾಸದ ಯೋಜನೆ ಬರೆದರು. ನಮ್ಮವರು ಬರುವಾಗ ತಮ್ಮ ತಮ್ಮ ಉತ್ತರವನ್ನು ಒಂದು ಚೀಟಿಯಲ್ಲಿ ಬರೆದು ತರಲಿ.